ಹೊಂಡದ ಪಾಚಿ, ಹುನಗುಂದದ ಉಳ್ಳಾಗಡ್ಡಿ

ಬಾದಾಮಿ ಹತ್ತಿರದ ಮಹಾಕೂಟಕ್ಕೆ ಪ್ರವಾಸ ಹೋದ ಶಾಲೆಯ ಮಕ್ಕಳು ಚಾಲುಕ್ಯರ ಮಂಗಳೇಶನ ಶಾಸನಗಂಬ ಎಲ್ಲಿ ಎಂದು ಹುಡುಕುತ್ತಾರೆ, ಅದು ವಿಜಯಪುರದ ಮ್ಯೂಸಿಯಂ ಸೇರಿದೆ ಎಂದು ತಿಳಿದು ಪೆಚ್ಚಾಗುತ್ತಾರೆ, ಆಮೇಲೆ ವಿಷ್ಣು ಪುಷ್ಕರಣಿಗೆ ಧುಮುಕಿ ಎಲ್ಲವನ್ನೂ ಮರೆಯುತ್ತಾರೆ. ಜೀವಶಾಸ್ತ್ರದ ಮೇಷ್ಟ್ರು ಜೊತೆಗಿದ್ದರೆ ಒಂದು ಸಣ್ಣ ಬಾಟಲಿಯಲ್ಲಿ ಹೊಂಡದ ನೀರೂ ಊರಿಗೆ ಬರುತ್ತದೆ. ಮರುದಿನ ಲ್ಯಾಬಿನಲ್ಲಿ ಅದರ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಅಡಿಯಲ್ಲಿಟ್ಟರೆ ಏನೂ ಕಾಣುವುದಿಲ್ಲ.

ಕಾಣಬೇಕಾದ್ದೂ ಇಲ್ಲ. ಬುಗ್ಗೆಯಿಂದ ಉಕ್ಕುತ್ತಲೇ ಇರುವ, ಹರಿದು ಹೋಗುತ್ತಲೇ ಇರುವ ತಿಳಿನೀರಿನ ನಡುವೆ ಸೂಕ್ಷ್ಮಜೀವಿಗಳು ನಿಲ್ಲುವುದು ಕಡಿಮೆ. ಅವುಗಳ ಸಂಸಾರವೆಲ್ಲ ಅಂಚಿನಲ್ಲಿ: ಪಾಚಿಯ ಎಳೆಗಳ ಸಂದಿಯಲ್ಲಿ, ನೀರಿಗೆ ಬಿದ್ದು ಅರ್ಧ ಕೊಳೆತ ಎಲೆಯ ಅಡಿಯಲ್ಲಿ, ನೀರು ಹೊರಹೋಗುವ ಕಡೆಯ ಲೋಳೆಯಲ್ಲಿ. ಅಂಥ ಎಲೆಯೊಂದನ್ನು ಬಾಟಲಿಯ ನೀರಿನಲ್ಲಿ ಚೆನ್ನಾಗಿ ಅಲುಗಿಸಿ, ಕದಡಿದ ನೀರಿನ ಹನಿ ತೆಗೆದುಕೊಳ್ಳಿ. ಅದರ ಮೇಲೆ ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು, ಒಂದು ಅಂಚನ್ನು ಮೊದಲು ತಾಗಿಸಿ, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಬೇಕು. ಧಡಕ್ಕನೆ ಬಿಟ್ಟರೆ ಗಾಳಿಗುಳ್ಳೆ ಕೂರುತ್ತದೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಅಮೀಬಾ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದವರು ರಾಜ್ಯದ ತುಂಬ ಇದ್ದಾರೆ.

ಈ ಭಾಗದ ಯಾವ ಹೈಸ್ಕೂಲಿಗೆ ಹೋದರೂ ಕೇಳುವ ಮಾತೊಂದಿದೆ. "ಸರ, ಬರೇ ಬೆಳ್ಳಗ ಕಾಣಾಕತ್ತೇತಿ, ಮತ್ತೇನೂ ಇಲ್ರಿ." ಹುಡುಗ ಸುಳ್ಳು ಹೇಳುತ್ತಿಲ್ಲ. ನಮ್ಮ ಸೀಮೆಯ ಬಿಸಿಲು, ಪೂರ್ತಿ ತೆರೆದ ಡಯಾಫ್ರಂ, ಬಣ್ಣವಿಲ್ಲದ ಪಾರದರ್ಶಕ ಜೀವಿ. ಮೂರೂ ಕೂಡಿದರೆ ಕಾಣುವುದು ಬಿಳುಪೇ. ಕಂಡೆನ್ಸರಿನ ಕೆಳಗಿರುವ ಆ ಪುಟ್ಟ ಸನ್ನೆಯನ್ನು ಸ್ವಲ್ಪ ಸರಿಸಿ ಡಯಾಫ್ರಂ ಕಿರಿದು ಮಾಡಿದರೆ, ಇಲ್ಲದ್ದೆಲ್ಲ ಇದ್ದಕ್ಕಿದ್ದಂತೆ ಹಾಜರಾಗುತ್ತದೆ. ಸ್ಪೈರೋಗೈರಾದ ಎಳೆಯೊಳಗೆ ಸುರುಳಿ ಸುತ್ತಿದ ಹಸಿರು ಪಟ್ಟಿ. ಸಿಲಿಕಾ ಚಿಪ್ಪಿನ ಡಯಾಟಮ್. ದಂಟಿನ ಮೇಲೆ ನಿಂತ ವೋರ್ಟಿಸೆಲ್ಲಾ. ಮೇಜನ್ನು ಬೆರಳಿನಿಂದ ತಟ್ಟಿದರೆ ಅದರ ದಂಟು ಫಕ್ಕನೆ ಸುತ್ತಿಕೊಂಡು ಗಿಡ್ಡವಾಗುತ್ತದೆ. ಒಂದೆರಡು ಗಳಿಗೆ ಸುಮ್ಮನಿದ್ದರೆ ಮೆಲ್ಲಗೆ ಮತ್ತೆ ನಿಗುರುತ್ತದೆ.

ಡಯಾಫ್ರಂ ಇರುವುದು ಬೆಳಕು ಹೆಚ್ಚು ಕಡಿಮೆ ಮಾಡಲಿಕ್ಕೆ ಎಂದು ಎಷ್ಟೋ ಮೇಷ್ಟ್ರುಗಳೇ ನಂಬಿದ್ದಾರೆ. ಅದರ ನಿಜವಾದ ಕೆಲಸ, ಎಷ್ಟು ಅಗಲದ ಕೋನದಲ್ಲಿ ಬೆಳಕು ವಸ್ತುವನ್ನು ಹಾದು ಬರಬೇಕೆಂದು ನಿರ್ಧರಿಸುವುದು. ತೀರ ಅಗಲವಾದರೆ ಎಲ್ಲವೂ ಮಸುಕು. ತೀರ ಕಿರಿದಾದರೆ ಗೆರೆಗಳು ದಪ್ಪವಾಗಿ, ಇಲ್ಲದ ಅಂಚುಗಳು ಮೂಡುತ್ತವೆ. ಬಲ್ಲವರು ಮಾಡುವುದು ಹೀಗೆ: ಫೋಕಸ್ ಆದ ಮೇಲೆ ಐಪೀಸನ್ನು ಹೊರತೆಗೆದು ಖಾಲಿ ಕೊಳವೆಯೊಳಗೆ ಇಣುಕಿ, ತಳದಲ್ಲಿ ಕಾಣುವ ಬೆಳಕಿನ ತಟ್ಟೆಯ ಮುಕ್ಕಾಲು ಭಾಗ ಉಳಿಯುವಷ್ಟು ಡಯಾಫ್ರಂ ಮುಚ್ಚುತ್ತಾರೆ. ಕನ್ನಡಿಯ ಮಾದರಿಯಾದರೆ, ಕಂಡೆನ್ಸರ್ ಇರುವಾಗ ಚಪ್ಪಟೆ ಮುಖ, ಇಲ್ಲದಿದ್ದಾಗ ತಗ್ಗು ಮುಖ. ಅದನ್ನು ಸುಣ್ಣ ಬಳಿದ ಗೋಡೆಗೋ ತೆರೆದ ಆಕಾಶಕ್ಕೋ ತಿರುಗಿಸಿ, ಸೂರ್ಯನಿಗೆ ಮಾತ್ರ ಯಾವತ್ತೂ ಬೇಡ, ಕಣ್ಣು ಹೋಗುತ್ತದೆ.

ಇನ್ನು ವರ್ಧನೆಯ ಮೋಹ. 1200 ಪಟ್ಟು ತೋರಿಸುವುದಾಗಿ ಡಬ್ಬಿಯ ಮೇಲೆ ಅಚ್ಚು ಹಾಕಿದ ಆಟಿಕೆಗಳನ್ನು ಕೊಳ್ಳಬೇಡಿ. ಕಾಲೇಜಿನ ಮೈಕ್ರೋಸ್ಕೋಪಿನ 40 ಅಥವಾ 45 ಪಟ್ಟಿನ ಆಬ್ಜೆಕ್ಟಿವ್ ಮೇಲೆ ಅದು ಎಷ್ಟು ಅಗಲದ ಕೋನದ ಬೆಳಕನ್ನು ಹಿಡಿಯುತ್ತದೆಂದು ಹೇಳುವ 0.65 ಎಂಬ ಅಂಕಿ ಕೆತ್ತಿರುವುದು ಸಾಮಾನ್ಯ. ಅದರ ಸಾವಿರ ಪಟ್ಟು, ಅಂದರೆ 650ರ ಆಚೆಗೆ ಎಷ್ಟೇ ಹಿಗ್ಗಿಸಿದರೂ ಹೊಸ ವಿವರ ಸಿಗದು, ಮಸುಕೇ ದೊಡ್ಡದಾಗುತ್ತದೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಇದರ ಕಾರಣ ಬಿಡಿಸಿಟ್ಟ. ಎಣ್ಣೆ ಹಾಕಿ ನೋಡುವ 100ರ ಆಬ್ಜೆಕ್ಟಿವ್ ತಂದರೂ, ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಸಾಮಾನ್ಯ ಬೆಳಕು ಬೇರೆ ಬೇರೆಯಾಗಿ ತೋರಿಸಲಾರದು.

'ಹಸುರು ಹೊನ್ನು' ಬರೆದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಇಲ್ಲಿ ನೆನಪಾಗುತ್ತಾರೆ. 1950ರಲ್ಲಿ ಅವರು ಹಾರ್ವರ್ಡಿನ ಬೈಲಿ ಅವರೊಡನೆ, ಸಾರ್ಕ್ಯಾಂಡ್ರ ಎಂಬ ಹೂಗಿಡದ ಕಟ್ಟಿಗೆಯಲ್ಲಿ ನೀರು ಸಾಗಿಸುವ ವೆಸೆಲ್‌ಗಳೇ ಇಲ್ಲವೆಂದು ಪ್ರಕಟಿಸಿದರು. ಹೂಬಿಡುವ ಸಸ್ಯಗಳಲ್ಲಿ ಇದು ಬಲು ಅಪರೂಪದ ಲಕ್ಷಣ, ಸುದ್ದಿಯಾಯಿತು. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅದೇ ಕುಲವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ, ವೆಸೆಲ್‌ಗಳಿವೆ ಎಂದರು. ಸ್ವಾಮಿಯವರ ಕಣ್ಣಿನ ಹರಿತ ಇದರಿಂದ ಕುಂದುವುದಿಲ್ಲ. ಉಪಕರಣದ ಗಡಿ ಎಲ್ಲಿದೆಯೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕಲಿಯುವವರಿಗೆ ಹುನಗುಂದದ ಕಡೆಯ ಉಳ್ಳಾಗಡ್ಡಿ ಸಾಕು. ಒಳಪದರದ ತಗ್ಗು ಮೈಯಿಂದ ತೆಳುಪೊರೆ ಎತ್ತಿ, ಮಡಿಕೆ ಬೀಳದಂತೆ ನೀರಿನಲ್ಲಿ ಹರಡಿ, ಒಂದು ಹನಿ ಅಯೋಡಿನ್. ಮೊದಲು ಚಿಕ್ಕ ಆಬ್ಜೆಕ್ಟಿವ್, ಯಾವಾಗಲೂ. ಪಕ್ಕದಿಂದ ನೋಡುತ್ತ ಅದನ್ನು ಸ್ಲೈಡಿನ ಹತ್ತಿರಕ್ಕೆ ತನ್ನಿ. ಐಪೀಸಿಗೆ ಕಣ್ಣಿಟ್ಟ ಮೇಲೆ ದೂರ ಸರಿಸುತ್ತ ಮಾತ್ರ ಫೋಕಸ್ ಮಾಡಿ. ಈ ಒಂದು ಅಭ್ಯಾಸವಿದ್ದರೆ ಸ್ಲೈಡೂ ಒಡೆಯದು, ಅಟೆಂಡರ ಬೈಗಳವೂ ತಪ್ಪುತ್ತದೆ. ದೊಡ್ಡ ಆಬ್ಜೆಕ್ಟಿವ್‌ಗೆ ತಿರುಗಿಸಿದಾಗ ಸಣ್ಣ ತಿರುಪನ್ನಷ್ಟೇ ಮುಟ್ಟಬೇಕು. ಇನ್ನೊಂದು ಕಣ್ಣನ್ನು ಮುಚ್ಚಬೇಡಿ; ಕೆಲವೇ ದಿನದಲ್ಲಿ ಅದು ತಾನಾಗಿ ತೆಪ್ಪಗಾಗುತ್ತದೆ.

ಪತ್ರಿಕೆಯಿಂದ 'ಕ' ಅಕ್ಷರ ಕತ್ತರಿಸಿ ನೋಡಿದರೆ ತಲೆಕಟ್ಟು ಕೆಳಗಿರುತ್ತದೆ, ಸ್ಲೈಡನ್ನು ಎಡಕ್ಕೆ ತಳ್ಳಿದರೆ ಚಿತ್ರ ಬಲಕ್ಕೆ ಓಡುತ್ತದೆ. ಓಡುವ ಪ್ಯಾರಮೀಸಿಯಂ ಹಿಂದೆ ಬೀಳುವ ಮುನ್ನ ಕೈಗೆ ಈ ತಿರುವು ರೂಢಿಯಾಗಿರಲಿ. ಮನೆಯಲ್ಲಿ ಹಳೆಯ ಇಳಕಲ್ ಸೀರೆ ಇದ್ದರೆ ಮೈಯಿಂದೊಂದು, ಸೆರಗಿನಿಂದೊಂದು ಎಳೆ ತಂದು ಬಿಡಿಸಿ ನೋಡಿ. ಹತ್ತಿಯ ನಾರು ಚಪ್ಪಟೆಯಾಗಿ, ಅಲ್ಲಲ್ಲಿ ತಿರುಚಿಕೊಂಡಿರುತ್ತದೆ. ರೇಷ್ಮೆಯದು ನಯವಾದ ಕಡ್ಡಿ. ಆರ್ಟ್ ಸಿಲ್ಕ್ ಆಗಿದ್ದರೆ ಉದ್ದಕ್ಕೂ ಗೆರೆಗಳು. ಅಂಗಡಿಯವರು ಹೇಳಿದ್ದು ಎಷ್ಟು ನಿಜವೆಂದು ಆಗ ಗೊತ್ತಾಗುತ್ತದೆ. 1674ರಲ್ಲಿ ಕೆರೆನೀರಿನ ಹಸಿರು ಸುರುಳಿಗಳನ್ನೂ ಪುಟ್ಟ ಜೀವಿಗಳನ್ನೂ ಕಂಡು ಲಂಡನ್ನಿಗೆ ಪತ್ರ ಬರೆದ ಲೇವನ್‌ಹುಕ್ ಕೂಡ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿಯೇ.

ಒಬ್ಬೊಬ್ಬರಿಗೆ ಅರ್ಧ ನಿಮಿಷ ಇಣುಕಲು ಕೊಟ್ಟು "ಕಂಡ್ತಾ? ಮುಂದ ನಡಿ" ಎನ್ನುವ ಪ್ರಾಕ್ಟಿಕಲ್ ನನಗೆ ಒಗ್ಗದು. ಹತ್ತು ನಿಮಿಷ ಕೂರಿಸಿ, ಕೈಗೆ ಪೆನ್ಸಿಲ್ ಕೊಡಿ. ಕಂಡದ್ದನ್ನು ಬರೆಯಲಿ, ಪುಸ್ತಕದ ಚಿತ್ರವನ್ನಲ್ಲ. ಒಂದೇ ಮೈಕ್ರೋಸ್ಕೋಪ್ ಇದ್ದರೆ ವಾರಕ್ಕೆ ನಾಲ್ಕು ಮಕ್ಕಳಿಗಾದರೂ ಸರದಿ ಬರಲಿ.

ಮೇಷ್ಟ್ರುಗಳಲ್ಲಿ ಕೊನೆಯದಾಗಿ ಒಂದು ಕೋರಿಕೆ. ಈ ಸಲ ಮಹಾಕೂಟಕ್ಕೆ ಹೋದಾಗ ಮೆಟ್ಟಿಲಿನ ಪಾಚಿಯನ್ನು ಚಾಕುವಿನಿಂದ ಕೆರೆಯಲು ಮಕ್ಕಳನ್ನು ಬಿಡಬೇಡಿ, ಅದು ರಕ್ಷಿತ ಸ್ಮಾರಕ. ನೀರಿಗೆ ಬಿದ್ದ ಒಂದು ಎಲೆ ಸಾಕು. ಬಾಟಲಿಯನ್ನು ಅರ್ಧ ಮಾತ್ರ ತುಂಬಿ, ಮುಚ್ಚಳ ಸಡಿಲ ಬಿಡಿ, ಬಿಸಿಲಿಗೆ ಇಡಬೇಡಿ, ಮರುದಿನವೇ ನೋಡಿ.