ಬರಹವಿಲ್ಲದ ಕಲ್ಲಿನ ಓದು: ಕಪ್ಪಗಲ್ಲಿನ ಕುಟ್ಟುಚಿತ್ರಗಳು

ಯಗಟಿಯನ್ನೊಳಗೊಂಡ ಕಡೂರು ತಾಲ್ಲೂಕಿನ ಶಾಸನಗಳು 1901ರಲ್ಲಿ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ ಪ್ರಕಟವಾದವು. ಅಲ್ಲಿ ಪ್ರತಿಯೊಂದು ಶಾಸನಕ್ಕೂ ಸಂಖ್ಯೆಯಿದೆ, ಅದು ದೊರೆತ ಊರಿನ ಮತ್ತು ನೆಲೆಯ ಉಲ್ಲೇಖವಿದೆ. ಈ ಬಯಲುಸೀಮೆಯ ವೀರಗಲ್ಲುಗಳಲ್ಲಿ ದನಗಳ ಸಾಲು ಕಂಡುಬಂದರೆ, ಜೊತೆಗಿರುವ ಬರಹವೇ ಅದು ತುರುಗಾಳಗವೆಂದು ತಿಳಿಸುತ್ತದೆ. ಶಿಲ್ಪಕ್ಕೆ ಅಕ್ಷರ ಸಾಕ್ಷಿಯಾಗುತ್ತದೆ. ಆದರೆ ಅಕ್ಷರಕ್ಕಿಂತ ಬಹಳ ಹಿಂದೆ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಗೂಳಿಯನ್ನು ಓದುವ ಕ್ರಮ ಯಾವುದು? ಬಳ್ಳಾರಿ ಸಮೀಪದ ಕಪ್ಪಗಲ್ಲಿನ ಚಿತ್ರಗಳ ಅಧ್ಯಯನ ಚರಿತ್ರೆ ಈ ಪ್ರಶ್ನೆಯನ್ನು ಎದುರಿಗಿಡುತ್ತದೆ.

ವಿದ್ವಾಂಸರ ಬರಹಗಳಲ್ಲಿ ‘ಕುಪ್ಗಲ್’ ಎಂದು ಹೆಸರಾದ ಈ ನೆಲೆಯನ್ನು ಕುರಿತು ಫಾಸೆಟ್ 1892ರಲ್ಲಿಯೇ ಬರೆದರು, 1951ರಲ್ಲಿ ಡಿ.ಎಚ್. ಗಾರ್ಡನ್ ಮತ್ತೆ ಚರ್ಚಿಸಿದರು. ಹಿರೇಗುಡ್ಡದ ಕಪ್ಪು ಡೋಲರೈಟ್ ಶಿಲಾಪಟ್ಟಿಯ ಮೇಲಿನ ಈ ಚಿತ್ರಗಳಲ್ಲಿ ಉದ್ದ ಕೊಂಬಿನ, ಹಿಣಿಲುಳ್ಳ ದನಗಳೇ ಪ್ರಧಾನ. ಮೊದಲ ಬರಹಗಳ ಉಪಕಾರ ದೊಡ್ಡದು. ಆದರೂ ಚಿತ್ರವನ್ನು ಬಂಡೆಯಿಂದ ಬಿಡಿಸಿ ‘ಗೂಳಿ’, ‘ಮನುಷ್ಯ’, ‘ಮಿಥುನ’ ಎಂದು ವರ್ಗೀಕರಿಸುವ ರೂಢಿ ಬಹುಕಾಲ ಉಳಿಯಿತು. ಪಟ್ಟಿಯಲ್ಲಿ ಆಕೃತಿ ಉಳಿಯುತ್ತದೆ, ನೆಲೆ ಮರೆಯಾಗುತ್ತದೆ.

2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟವಾದ ನಿಕೋಲ್ ಬೊಯ್ವಿನ್ ಅವರ ಲೇಖನ ಈ ರೂಢಿಯನ್ನು ಬದಲಿಸಿತು. ಕೆಲವು ಚಿತ್ರಗಳು ಸುಲಭವಾಗಿ ನಿಲ್ಲಲಾಗದ ಎಡೆಗಳಲ್ಲಿವೆ. ಕೆಲವು ಬಂಡೆಗಳಲ್ಲಿ ಬಡಿದು ಸವೆದ ಕುಳಿಗಳಿವೆ, ಅವನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯಂತಹ ನಾದ ಹೊಮ್ಮುತ್ತದೆ. ಮೂಡಿದ ಚಿತ್ರದಷ್ಟೇ ಮೂಡಿಸುವ ಕ್ರಿಯೆಯೂ ಮುಖ್ಯವಾಗಿದ್ದಿರಬೇಕೆಂಬ ವಾದಕ್ಕೆ ಇವು ಆಧಾರ.

ಈ ವಾದಕ್ಕೂ ಮಿತಿಯಿದೆ. ಕಲ್ಲು ನಾದ ಕೊಡುತ್ತದೆ ಎಂಬುದು ಪರೀಕ್ಷೆಯಿಂದ ತಿಳಿಯುವ ಸಂಗತಿ. ಚಿತ್ರ ಕುಟ್ಟಿದ ಕಾಲದಲ್ಲಿಯೇ ಅದನ್ನು ನುಡಿಸುತ್ತಿದ್ದರು ಎಂಬುದು ಊಹೆ. ಅದೇ ಬಂಡೆಗಳ ಮೇಲೆ ನವಶಿಲಾಯುಗದ ಅನಂತರದ ಚಿತ್ರಗಳೂ ಇವೆ. ಹೊಸದಾಗಿ ಕುಟ್ಟಿದ ಭಾಗ ತಿಳಿಬಣ್ಣದ್ದಾಗಿದ್ದು ಕಾಲಕ್ರಮೇಣ ಕಪ್ಪಾಗುವುದರಿಂದ ಹಿಂದುಮುಂದುಗಳನ್ನು ಸ್ಥೂಲವಾಗಿ ಗುರುತಿಸಬಹುದೇ ಹೊರತು ವರ್ಷ ನಿಗದಿಪಡಿಸಲಾಗದು. ದನ ಕಂಡಲ್ಲೆಲ್ಲ ನವಶಿಲಾಯುಗವನ್ನು ಕಾಣುವುದು, ವೀರಗಲ್ಲಿನ ತುರುಗಾಳಗವನ್ನು ಕಪ್ಪಗಲ್ಲಿಗೆ ಹೊರಿಸುವುದರಷ್ಟೇ ದೋಷಯುಕ್ತ.

ಇಟಲಿಯ ವಾಲ್ ಕಮೋನಿಕಾ ಕಣಿವೆಯ ಬಂಡೆಚಿತ್ರಗಳು 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಾವಿರಾರು ವರ್ಷಗಳ ಕಾಲ ಅಲ್ಲಿನ ಜನ ಅವೇ ಬಂಡೆಗಳಿಗೆ ಮರಳಿ ಬಂದು ಚಿತ್ರಗಳನ್ನು ಮೂಡಿಸಿದ್ದಾರೆ. ಅಲ್ಲಿ ಒಂದರ ಮೇಲೊಂದು ಬಂದ ಪದರಗಳೇ ಚರಿತ್ರೆ. ಕಪ್ಪಗಲ್ಲಿನಲ್ಲಿಯೂ ತರುವಾಯದ ಗೆರೆಗಳನ್ನು ವಿಕೃತಿಯೆಂದು ತಳ್ಳಿಹಾಕದೆ ದಾಖಲಿಸಬೇಕು.

ಬೊಯ್ವಿನ್ ಅವರ ಲೇಖನ ಬಂದ ಹೊತ್ತಿಗಾಗಲೇ ಕಲ್ಲುಗಣಿಗಾರಿಕೆ ಈ ನೆಲೆಗೆ ಅಪಾಯ ತಂದೊಡ್ಡಿತ್ತು. ಬಂಡೆ ಒಡೆದರೆ ಛಾಯಾಚಿತ್ರದಲ್ಲಿ ಗೂಳಿಯ ಆಕೃತಿ ಉಳಿದೀತು. ಅದು ಯಾವ ಎತ್ತರದಲ್ಲಿ, ಯಾವ ದಿಕ್ಕಿಗೆ, ಯಾವ ನಾದದ ಕಲ್ಲಿನ ಪಕ್ಕದಲ್ಲಿತ್ತೆಂಬುದು ಉಳಿಯದು. ಕಡೂರಿನ ಶಾಸನಗಳಿಗೆ 1901ರಲ್ಲಿ ಸಂದ ಗೌರವ, ಎಂದರೆ ಸಂಖ್ಯೆ, ಊರು ಮತ್ತು ನೆಲೆಯ ನಿಖರ ದಾಖಲೆ, ಅಕ್ಷರವಿಲ್ಲದ ಈ ಬಂಡೆಗಳಿಗೂ ಸಲ್ಲಬೇಕು. ವ್ಯಾಖ್ಯಾನಗಳು ತಿದ್ದುಪಡಿಯಾಗುತ್ತ ಹೋಗುತ್ತವೆ. ನೆಲೆಯೇ ನಾಶವಾದರೆ ತಿದ್ದುವುದಕ್ಕೂ ಆಧಾರವಿರುವುದಿಲ್ಲ.