ನಿಂಬೆಹಣ್ಣು ಚಿತ್ರಾನ್ನಕ್ಕಿರಲಿ

ನಮ್ಮ ಮನೆಯ ದೇವರ ಗೂಡಿನ ಕೆಳಗೆ ಒಂದು ಸಾಣೆಕಲ್ಲಿದೆ. ಊಟದ ತಟ್ಟೆಗಿಂತ ಚಿಕ್ಕದು, ನಡುವೆ ಬೆರಳು ತುಸು ಇಳಿಯುವಷ್ಟು ತಗ್ಗು. ಅತ್ತೆ ತೀರ್ಥಹಳ್ಳಿ ಕಡೆಯ ತವರಿನಿಂದ ತಂದದ್ದಂತೆ. ಒಂದು ಮುಖ ದೇವರ ಗಂಧಕ್ಕೆ ಮೀಸಲು. ಮಗುಚಿ ಹಾಕಿದರೆ ಮನೆಮಂದಿಯ ಪಾಲು: ಮಗುವಿನ ಹೊಟ್ಟೆಯುಬ್ಬರಕ್ಕೆ ಅಳಲೆಕಾಯಿ, ನೆಗಡಿಯ ತಲೆನೋವಿಗೆ ಒಣಶುಂಠಿ, ಹರೆಯದ ಹೆಣ್ಣುಮಕ್ಕಳ ಮೊಡವೆಗೆ ಜಾಯಿಕಾಯಿ. ಮೂವತ್ತು ವರ್ಷದಿಂದ ಈ ಕಲ್ಲಿನ ಮುಂದೆ ಕೂತು ತೇಯುತ್ತ, ಅರೆಯುತ್ತ ಬಂದವಳಿಗೆ ಲೇಪಗಳ ರುಚಿ ಹತ್ತಿಬಿಟ್ಟಿದೆ. ಕೆಲವರಿಗೆ ಫಿಲ್ಟರ್ ಕಾಫಿ, ಕೆಲವರಿಗೆ ಸಂಗೀತ ಕಛೇರಿ. ನನಗೆ ಇದು.

ಕಳೆದ ಬೇಸಿಗೆಯಲ್ಲಿ ತಂಗಿಯ ಮಗಳು ಮುಖಕ್ಕೆ ವೇಲು ಸುತ್ತಿಕೊಂಡು ಮನೆಗೆ ಬಂದಳು. ದ್ವಿತೀಯ ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ವೇಲು ತೆಗೆಸಿ ನೋಡಿದರೆ ಎರಡೂ ಕೆನ್ನೆಯ ಮೇಲೆ ಮೇಲಿನಿಂದ ಕೆಳಗೆ ಕಾಫಿ ಚೆಲ್ಲಿದಂಥ ಗೆರೆಗಳು. ಆದದ್ದಿಷ್ಟು: ಮೊಡವೆ ಹೋಗಲಿ ಎಂದು ಅರ್ಧ ನಿಂಬೆಹಣ್ಣನ್ನು ಕೆನ್ನೆಗೆ ಉಜ್ಜಿಕೊಂಡಿದ್ದಾಳೆ. ಅಷ್ಟರಲ್ಲಿ ಅವಳಮ್ಮ ಒಗೆದ ಬಟ್ಟೆ ಒಣಹಾಕಿ ಬಾ ಎಂದು ತಾರಸಿಗೆ ಕಳಿಸಿದ್ದಾಳೆ. ಹನ್ನೊಂದು ಗಂಟೆಯ ಬಿಸಿಲು. ಮಾರನೆಯ ದಿನ ಉರಿ, ಅದರ ಮರುದಿನ ಸಣ್ಣ ಬೊಕ್ಕೆ, ವಾರದಲ್ಲಿ ಕಪ್ಪು ಗೆರೆ. ಮೊಡವೆಗಳು ಮಾತ್ರ ಇದ್ದಲ್ಲೇ ಇದ್ದವು.

“ನಿಂಬೆಹಣ್ಣು ನ್ಯಾಚುರಲ್ ಅಲ್ವಾ ದೊಡ್ಡಮ್ಮ?” ಅಂದಳು.

“ತುರಿಕೆ ಸೊಪ್ಪೂ ನ್ಯಾಚುರಲ್ಲೇ ಕಣೇ” ಅಂದೆ. ಅಳುವ ಹುಡುಗಿಗೆ ಹಾಗನ್ನಬಾರದಿತ್ತು.

ನಿಂಬೆಯಲ್ಲಿ ಎರಡು ಕಿಡಿಗೇಡಿತನಗಳಿವೆ. ಮೊದಲನೆಯದು ಹುಳಿ. ನಮ್ಮ ಚರ್ಮದ ಮೇಲ್ಪದರವೂ ಕೊಂಚ ಹುಳಿಯೇ, ಪಿಎಚ್ ಅಂಕಿಯಲ್ಲಿ ಸುಮಾರು 5. ನಿಂಬೆರಸದ್ದು 2ರಿಂದ 3ರ ನಡುವೆ. ಎರಡೋ ಮೂರೋ ಅಂಕಿಯ ವ್ಯತ್ಯಾಸ ತಾನೆ ಎನ್ನುವಂತಿಲ್ಲ. ಈ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಎರಡನೆಯದು ಇನ್ನೂ ಗುಟ್ಟಿನದು. ನಿಂಬೆಯ ಸಿಪ್ಪೆಯಲ್ಲಿ ಮತ್ತು ರಸದಲ್ಲಿ ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲೆ ಸುಮ್ಮನಿರುತ್ತವೆ, ಬಿಸಿಲಿನ ನೇರಳಾತೀತ ಕಿರಣ ಬಿದ್ದೊಡನೆ ಸುಡುತ್ತವೆ. ಸುಟ್ಟದ್ದು ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬೇಕು. ಹಾಗಾಗಿ ಯಾರೂ ನಿಂಬೆಯನ್ನು ಅನುಮಾನಿಸುವುದಿಲ್ಲ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಏನೇ ಕೆರಳಿಕೆಯಾದರೂ ಅದು ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಡವೆ ಹೋದರೂ ಅದರ ಗುರುತು ಹೋಗುವುದಿಲ್ಲವೆಂದು ಗೋಳಾಡುವವರಲ್ಲಿ ಅರ್ಧ ಜನ ಗೋಳಾಡಬೇಕಾದದ್ದು ತಾವೇ ಹಚ್ಚಿಕೊಂಡ ಮದ್ದಿನ ಬಗ್ಗೆ ಎಂದು ನನ್ನ ಗುಮಾನಿ.

ಅಡುಗೆ ಸೋಡಾ ಇದರ ತದ್ವಿರುದ್ಧ. ನೀರಿನಲ್ಲಿ ಕಲಸಿದರೆ ಅಂಕಿ 8 ದಾಟುತ್ತದೆ; ಚರ್ಮದ ಕಾವಲಿನ ಪದರವನ್ನು ಬಿಚ್ಚಿಹಾಕುತ್ತದೆ. ಟೂತ್‌ಪೇಸ್ಟಿನ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಅದು ಹಲ್ಲಿಗೆ.

ಹಾಗಾದರೆ ಇವುಗಳಿಂದ ಗುಣವಾಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೆ? ಇಲ್ಲ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿ ಕೂಡ ಸುಳ್ಳುಗಾತಿಯಲ್ಲ. ಸಣ್ಣ ಮೊಡವೆಯೊಂದು ಕೆಂಪಗೆ ಎದ್ದ ಮೇಲೆ ಸುಮ್ಮನೆ ಬಿಟ್ಟರೂ ವಾರದ ಆಚೀಚೆ ತಾನೇ ಬತ್ತುತ್ತದೆ. ಅದು ಅತಿ ಕೆಟ್ಟು ಕಂಡ ದಿನವೇ ನಾವು ಅಡುಗೆಮನೆಗೆ ಓಡುವುದು, ಮಾರನೆಯ ದಿನದಿಂದ ಅದು ಇಳಿಯುವುದು. ಅವತ್ತು ಕೈಗೆ ಸಿಕ್ಕಿದ್ದಕ್ಕೆ ಕೀರ್ತಿ. ನನ್ನ ಕಲ್ಲಿನ ಮೇಲಿನ ಎಷ್ಟೋ ಮದ್ದುಗಳೂ ಇಂಥ ಕೋಳಿಗಳೇ. ಅದನ್ನು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು.

ಮೊಡವೆ ಹುಟ್ಟುವುದು ಕನ್ನಡಿಯಲ್ಲಿ ಕಾಣುವುದಕ್ಕೆ ಎಷ್ಟೋ ವಾರ ಮೊದಲು. ಹರೆಯದ ಹಾರ್ಮೋನು ಏರಿದಾಗ ಕೂದಲ ಬುಡದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಆ ಕೊಳವೆಯ ಒಳಗೋಡೆಯ ಸತ್ತ ಕಣಗಳು ಉದುರಿ ಹೊರಬರುವ ಬದಲು ಅಂಟಿಕೊಂಡು ಬಿರಡೆಯಾಗುತ್ತವೆ. ಅದರ ಹಿಂದೆ ತುಂಬಿಕೊಂಡ ಜಿಡ್ಡಿನಲ್ಲಿ ಒಂದು ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತದೆ, ಮೈ ಅದರ ಮೇಲೆ ಯುದ್ಧ ಹೂಡುತ್ತದೆ, ಮುಖ ಕೆಂಪಾಗುತ್ತದೆ. ಆ ಬ್ಯಾಕ್ಟೀರಿಯಾಕ್ಕೆ 2016ರಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂದು ಮರುನಾಮಕರಣವಾಯಿತು. ಮೊಡವೆ ಇಲ್ಲದವರ ಮುಖದಲ್ಲೂ ಅದು ವಾಸವಾಗಿರುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆಯಲ್ಲ, ಗಾಳಿಗೆ ತೆರೆದುಕೊಂಡು ಕಪ್ಪಾದ ಅದೇ ಬಿರಡೆ. ದಿನಕ್ಕೆ ಆರು ಸಲ ಮುಖ ತೊಳೆಯುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ನಮ್ಮ ಹಳಬರಿಗೆ ಇದು ಹರೆಯದ ರೋಗವೆಂದು ಚೆನ್ನಾಗಿಯೇ ಗೊತ್ತಿತ್ತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಸಾಲಿನಲ್ಲಿ ಮುಖದೂಷಿಕೆ ಬರುತ್ತದೆ. ಅದನ್ನು ಹೋಲಿಸಿರುವುದು ಬೂರುಗದ ಮರದ ಮುಳ್ಳಿಗೆ. ಕೆಂಪು ಬೂರುಗದ ಎಳೆ ಕಾಂಡವನ್ನು ಒಮ್ಮೆ ಸವರಿ ನೋಡಿ: ಅಗಲ ಬುಡ, ಚೂಪು ತುದಿ, ಒಂದರ ಪಕ್ಕ ಒಂದು. ಮರಕ್ಕೆ ವಯಸ್ಸಾದಂತೆ ಮುಳ್ಳುಗಳು ತಾವಾಗಿ ಉದುರಿ ಕಾಂಡ ನುಣುಪಾಗುತ್ತದೆ. ಹೋಲಿಕೆ ಕೊಟ್ಟವನಿಗೆ ಅದೂ ಮನಸ್ಸಿನಲ್ಲಿತ್ತೋ ಏನೋ.

ಅದೇ ಗ್ರಂಥ ಲೇಪ ಹಚ್ಚುವ ಕ್ರಮವನ್ನೂ ಹೇಳುತ್ತದೆ. ರೋಮ ಮಲಗಿದ ದಿಕ್ಕಿಗೆ ಎದುರಾಗಿ ಹಚ್ಚಬೇಕು, ರಾತ್ರಿ ಹಚ್ಚಬಾರದು, ಕೀವನ್ನು ಹಿಂಡಿ ತೆಗೆಯುವ ಲೇಪ ಬಿಟ್ಟರೆ ಬೇರೆ ಯಾವುದನ್ನೂ ಒಣಗುವವರೆಗೆ ಬಿಡಬಾರದು. ಇವತ್ತು ಬ್ಯೂಟಿ ಪಾರ್ಲರಿನಲ್ಲೂ ಮೊಬೈಲಿನಲ್ಲೂ ಹೇಳಿಕೊಡುವುದು ಸರಿಯಾಗಿ ಇದರ ಉಲ್ಟಾ: ಬಿರಿಯುವ ತನಕ ಒಣಗಲಿ, ರಾತ್ರಿಯಿಡೀ ಇರಲಿ. ಮುಲ್ತಾನಿ ಮಿಟ್ಟಿ ಹಾಕಿಕೊಂಡು ಬೇಸಿಗೆಯ ಕೆರೆಯಂಗಳದಂತೆ ಮುಖ ಬಿರುಕುಬಿಟ್ಟ ಮೇಲೆ ಉಜ್ಜಿ ತೆಗೆಯುತ್ತಾರೆ. ಆ ಮಣ್ಣಿಗೆ ಜಿಡ್ಡು ಹೀರುವ ಗುಣ ನಿಜಕ್ಕೂ ಇದೆ. ಹಿಂದೆ ಉಣ್ಣೆಯ ಜಿಡ್ಡು ತೆಗೆಯಲು ಇಂಥದೇ ಮಣ್ಣು ಬಳಸುತ್ತಿದ್ದರು. ಆದರೆ ಹಸಿ ಇರುವಾಗಲೇ ತಣ್ಣೀರಲ್ಲಿ ತೊಳೆದುಬಿಡಬೇಕು. ಹತ್ತು ನಿಮಿಷ ಸಾಕು, ವಾರಕ್ಕೊಮ್ಮೆ ಸಾಕು.

ಈಗ ಗಂಧಕ್ಕೆ ಬರೋಣ. ಇಲ್ಲಿ ನಾನು ಪಕ್ಷಪಾತಿ.

ಅಂಗಡಿಯ ಗಂಧದ ಪುಡಿಗೂ ಕಲ್ಲಿನ ಮೇಲೆ ತೇಯ್ದ ಗಂಧಕ್ಕೂ ಇರುವ ದೂರ ಇನ್‌ಸ್ಟಂಟ್ ಕಾಫಿಗೂ ಡಿಕಾಕ್ಷನ್‌ಗೂ ಇರುವಷ್ಟೇ. ಪುಡಿ ಎಷ್ಟು ಜರಡಿ ಹಿಡಿದರೂ ತರಿತರಿ. ಊದಿದ ಚರ್ಮಕ್ಕೆ ತರಿ ಎಂದರೆ ಉಪ್ಪುಕಾಗದ. ಅದಕ್ಕೆ ಸೇರಿಸಿದ ಕೃತಕ ಪರಿಮಳದ್ದು ಬೇರೆ ರಗಳೆ. ಕೊರಡಿನಲ್ಲಿ ಗಂಧ ಇರುವುದು ಚೇಗಿನಲ್ಲಿ ಮಾತ್ರ, ಸುತ್ತಲಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಬಿಳಿ ಮರದ ತುಂಡನ್ನು ಎಣ್ಣೆಯಲ್ಲಿ ಅದ್ದಿ ಮಾರುವವರಿದ್ದಾರೆ. ನಾನೂ ಒಂದು ತೇರಿನ ಜಾತ್ರೆಯಲ್ಲಿ ಮೋಸಹೋಗಿದ್ದೇನೆ. ಎರಡು ದಿನ ತೇಯ್ದರೆ ಬಣ್ಣ ಬಯಲಾಗುತ್ತದೆ. 1792ರಲ್ಲಿ ಟಿಪ್ಪು ಇದನ್ನು ರಾಜವೃಕ್ಷವೆಂದು ಸಾರಿದ ಮೇಲೆ ನಮ್ಮ ಹಿತ್ತಲಿನ ಗಂಧದ ಮರವೂ ನಮ್ಮದಲ್ಲ ಎಂಬ ಸ್ಥಿತಿ ಬಹುಕಾಲ ನಡೆಯಿತು. 2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿಯಾಗಿ ಬೆಳೆದವನಿಗೇ ಮರವೆಂದಾಯಿತು. ಆದರೂ ಕೊರಡಿನ ಬೆಲೆ ಕೇಳಿದರೆ ಮುಖಕ್ಕೆ ಹಚ್ಚಲು ಧೈರ್ಯ ಬರುವುದಿಲ್ಲ. ಕಿರುಬೆರಳುದ್ದದ ತುಂಡು ಸಾಕು, ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಕಲ್ಲಿಗೆ ಮೊದಲು ನಾಲ್ಕೇ ಹನಿ ನೀರು. ಕೊರಡನ್ನು ನೆಟ್ಟಗೆ ಹಿಡಿದು, ಅದುಮದೆ, ಸುತ್ತು ತೇಯಬೇಕು. ಮೊದಲೆರಡು ನಿಮಿಷ ಕೆಸರು ನೀರಷ್ಟೇ ಕಾಣುತ್ತದೆ, ಅವಸರದವರು ಅಲ್ಲಿಗೇ ಎದ್ದುಬಿಡುತ್ತಾರೆ. ಆಮೇಲೆ ನಿಧಾನಕ್ಕೆ ಅದು ಕೆನೆಯಾಗುತ್ತ ಬರುತ್ತದೆ, ಕೊರಡು ಕಲ್ಲಿಗೆ ಹಗುರಾಗಿ ಅಂಟತೊಡಗುತ್ತದೆ. ಆಗ ಇನ್ನೆರಡು ಹನಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದರೆ ಕಣ ಸಿಗಬಾರದು, ಅದು ಹದ. ಗಂಧದೆಣ್ಣೆಯಲ್ಲಿರುವ ಸ್ಯಾಂಟಲಾಲ್ ಊತ, ಕೆಂಪು ಇಳಿಸುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಆ ಗುಣ ನನ್ನ ಕಲ್ಲಿನಿಂದ ಅವಳ ಕೆನ್ನೆಗೆ ಎಷ್ಟು ದಾಟುತ್ತದೆಂದು ಆಣೆ ಮಾಡಿ ಹೇಳಲಾರೆ. ತಂಪಾಗುತ್ತದೆ, ಉರಿ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ತೇಯಲು ಹತ್ತು ನಿಮಿಷ, ಹಚ್ಚಿಕೊಂಡು ಕೂರಲು ಹದಿನೈದು ನಿಮಿಷ: ಅಷ್ಟು ಹೊತ್ತು ಬೆರಳು ಮೊಡವೆಯನ್ನು ಹಿಸುಕುವುದಿಲ್ಲ. ಕುಳಿ ಬೀಳುವುದರಲ್ಲಿ ಹಿಸುಕುವ ಉಗುರಿನ ಪಾಲು ಸಣ್ಣದಲ್ಲ. ನನ್ನ ಮಟ್ಟಿಗೆ ಗಂಧದ ದೊಡ್ಡ ಗುಣ ಇದೇ.

ರಕ್ತಚಂದನ ಬೇರೆಯೇ ಮರ, ಆಂಧ್ರದ ಶೇಷಾಚಲದ ಕಡೆಯದು, ಅದಕ್ಕೆ ಪರಿಮಳವಿಲ್ಲ. ಜಾಯಿಕಾಯಿ ಹಾಲಿನಲ್ಲಿ ತೇಯ್ದರೆ ಮೂಗಿಗೆ ಹಬ್ಬ, ಆದರೆ ಖಾರದ ಕಾಯಿ ಅದು. ಸೂಕ್ಷ್ಮ ಚರ್ಮದವರನ್ನು ಉರಿಸಿದ್ದನ್ನು ನೋಡಿ ಅತ್ತೆಯ ಆ ಮದ್ದನ್ನು ನಾನು ನಿಲ್ಲಿಸಿದ್ದೇನೆ. ಯಾವುದನ್ನೇ ಆದರೂ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಎರಡು ದಿನ ಕಾಯಿರಿ. ಗಂಧವೂ ಕೆಲವರಿಗೆ ಆಗುವುದಿಲ್ಲ.

ಅರಿಶಿನದ ವಿಷಯ ಬಂದರೆ ನಮಗೆಲ್ಲ ಎದೆ ಉಬ್ಬುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು, ಮಾಶೇಲ್ಕರ್ ಮುಂದಾಳತ್ವದ ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿತು, 1997ರಲ್ಲಿ ಪೇಟೆಂಟ್ ರದ್ದಾಯಿತು. ಸಂತೋಷ. ಆದರೆ ಅಲ್ಲಿ ಗೆದ್ದದ್ದು ಇದು ಹಳೆಯ ತಿಳಿವಳಿಕೆ ಎಂಬ ವಾದ. ಮೊಡವೆ ವಾಸಿಯಾಗುತ್ತದೆಂದು ಯಾರೂ ತೀರ್ಪು ಕೊಡಲಿಲ್ಲ. ಮುಖಕ್ಕೆ ಬೇಕಾದದ್ದು ಕಸ್ತೂರಿ ಅರಿಶಿನ. ಅಸಲಿ ಪುಡಿ ಮಾಸಲು ಕೆನೆಬಣ್ಣ, ಕರ್ಪೂರದಂಥ ವಾಸನೆ, ಮುಖ ಹಳದಿಯಾಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಢಾಳ ಹಳದಿಯದನ್ನು ಕಸ್ತೂರಿ ಎಂದು ಕಟ್ಟಿಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ. ಸಾರಿನ ಡಬ್ಬಿಯ ಅರಿಶಿನವಂತೂ ಬೇಡ. ಬಣ್ಣದ ಕಲಬೆರಕೆಗೆ ಅದು ಹೆಸರುವಾಸಿ.

ಲೋಳೆಸರದ ಮೇಲೆ ನನಗೆ ಗೌರವವಿದೆ. ಎಲೆ ಕೊಯ್ದು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ, ಹಳದಿ ಸೊನೆ ಪೂರ್ತಿ ಇಳಿದುಹೋಗಬೇಕು, ಕೆರೆತ ತರುವುದು ಅದೇ. ಒಳಗಿನ ಗಾಜಿನಂಥ ತಿರುಳಷ್ಟೇ ಮುಖಕ್ಕೆ. ಜೇನಿನ ಬಗ್ಗೆ ಇದ್ದ ಭಕ್ತಿ ಸ್ವಲ್ಪ ಕರಗಿದೆ. ನ್ಯೂಜಿಲೆಂಡಿನಲ್ಲಿ ಅಲ್ಲಿನ ಕಾನುಕಾ ಹೂವಿನ ಜೇನನ್ನು 136 ಮಂದಿಯ ಮೇಲೆ ಹನ್ನೆರಡು ವಾರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು: ಸೋಪು ಬಳಸಿದವರಿಗಿಂತ ಜೇನು ಸೇರಿಸಿದವರಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಗುಣವೇನೂ ಸಿಗಲಿಲ್ಲ. ಜೇನು ದೋಸೆಗೆ ಆಯಿತು. ಕಡಲೆಹಿಟ್ಟಾದರೆ ತೆಳುಬಟ್ಟೆಯಲ್ಲಿ ಸೋಸಿ ತೊಳೆಯುವುದಕ್ಕೆ ಬಳಸಿ, ತಿಕ್ಕುವುದಕ್ಕಲ್ಲ.

ಕರಾವಳಿಯ ಓದುಗರು ಮುನಿಸಿಕೊಳ್ಳಬಹುದು, ಆದರೂ ಹೇಳಬೇಕು. ಕೊಬ್ಬರಿ ಎಣ್ಣೆ ರಂಧ್ರ ಮುಚ್ಚುವ ಜಾತಿಯದು. ತಲೆಗೆ ಒತ್ತಿದ ಎಣ್ಣೆ ಹಣೆಗಿಳಿದು, ದಿಂಬಿನ ಹೊದಿಕೆಯಿಂದ ಕೆನ್ನೆಗೆ ಹತ್ತಿ, ಕೂದಲಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳ ತೋರಣ ಕಟ್ಟುತ್ತದೆ. ಹಚ್ಚುವ ಮದ್ದಿಗಿಂತ ಬಿಡುವ ಮದ್ದು ಇಲ್ಲಿ ಬೇಗ ಕೆಲಸ ಮಾಡುತ್ತದೆ. ಎಣ್ಣೆ ಸ್ನಾನದ ಹಿಂದಿನ ಗಂಟೆಗಿರಲಿ.

ಹುಡುಗಿಯ ಸುಟ್ಟ ಗೆರೆಗಳಿಗೆ ನಾನು ಗಂಧ ತೇಯಲಿಲ್ಲ, ಚರ್ಮದ ಡಾಕ್ಟರ ಬಳಿ ಕರೆದೊಯ್ದೆ. ಬಿಸಿಲಿಗೆ ಸನ್‌ಸ್ಕ್ರೀನ್, ರಾತ್ರಿಗೆ ಒಂದು ಸಣ್ಣ ಟ್ಯೂಬು, ಗೆರೆ ಮಾಯುವ ತನಕ ಕಾಯಿರಿ ಎಂಬ ಮಾತು. ಆಮೇಲೆ ಮೊಡವೆಗೆ ಬೆಂಝಾಯಿಲ್ ಪೆರಾಕ್ಸೈಡ್ ಕೊಟ್ಟರು, ನೂರಕ್ಕೆ ಎರಡೂವರೆ ಪಾಲಿನದು. ಹತ್ತು ಪಾಲಿನದನ್ನೇ ಕೊಡಿಸಬಹುದಿತ್ತಲ್ಲ ಎಂದು ತಂಗಿಯ ಗೊಣಗು. ಎರಡೂವರೆ ಪಾಲಿನದು ಹತ್ತರಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ ಎಂದು 1986ರಲ್ಲೇ ತೋರಿಸಿದ್ದಾರೆ. ಅದರ ಚೇಷ್ಟೆ ಒಂದೇ, ತಾಗಿದ ಬಣ್ಣದ ಟವಲು, ದಿಂಬಿನ ಹೊದಿಕೆಗಳನ್ನೆಲ್ಲ ಬಿಳಿಚಿಸುತ್ತದೆ. ಎಂಟು ವಾರವಾದರೂ ಹಚ್ಚದೆ ಬೈಯಬೇಡಿ ಎಂದರು ಡಾಕ್ಟರು; ಬಿರಡೆ ಹುಟ್ಟಿ ಕಾಣಿಸಿಕೊಳ್ಳುವುದಕ್ಕೇ ಅಷ್ಟು ದಿನ ಬೇಕಲ್ಲ. ಮೆಡಿಕಲ್ ಶಾಪಿನವನು ಸಲಿಗೆಯಿಂದ ಕೊಡುವ ಬಿಳಿಯಾಗುವ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಅಡಗಿರುತ್ತದೆ. ನಾಲ್ಕು ದಿನ ಮುಖ ಹಾಲಿನಂತೆ, ಆಮೇಲೆ ಮೊದಲಿನ ಎರಡರಷ್ಟು ಮೊಡವೆ, ತೆಳುವಾದ ಚರ್ಮ, ಬಿಟ್ಟರೆ ಉರಿ. ನಿಂಬೆಹಣ್ಣೇ ವಾಸಿ ಅನ್ನಿಸುವಂಥದು ಅದೊಂದೇ. ಗಂಟುಗಂಟಾಗಿ ನೋಯುವ ಮೊಡವೆಗೆ ಕಲ್ಲೂ ಬೇಡ, ನಾನೂ ಬೇಡ.

ಗೆರೆಗಳು ದಸರಾ ಹೊತ್ತಿಗೆ ಬಹುಪಾಲು ತಿಳಿಯಾದವು. ಈಗ ಅವಳು ಭಾನುವಾರ ಬರುತ್ತಾಳೆ, ಟ್ಯೂಬು ರಾತ್ರಿಗೆ, ಗಂಧ ಬೆಳಗಿಗೆ. ಮೊದಲ ವಾರ ಕೊರಡನ್ನು ಸೀಸದ ಕಡ್ಡಿಯಂತೆ ಹಿಡಿದು ಗೀಚುತ್ತಿದ್ದಳು. ಕಳೆದ ವಾರ ಕಣ ಸಿಗದ ಹದ ತಂದಳು. ಕಲ್ಲು ತೊಳೆದು ಒರೆಸುತ್ತ, ತಗ್ಗಿನಲ್ಲಿ ಬೆರಳಾಡಿಸುತ್ತ, “ದೊಡ್ಡಮ್ಮ, ಇದನ್ನು ನಂಗೆ ಕೊಡ್ತೀಯಾ?” ಅಂದಳು.

ಕೊಡುವುದಿಲ್ಲ ಅಂದೆ. ಚಿತ್ರಾನ್ನ ಮಾಡಿದ್ದೆ, ತಿಂದು ಹೋದಳು.