ಕಾಡು ಕಡಿದವರ ಚರಿತ್ರೆ

ನಾಡಿನ ಚರಿತ್ರೆಯೆಂದರೆ ಅರಸರ ವಂಶಾವಳಿ ಮಾತ್ರವಲ್ಲವೆಂಬುದನ್ನು ಎಲ್ಲರೂ ಒಪ್ಪುವರು. ಒಪ್ಪಿದಂತೆ ಬರೆದವರು ಮಾತ್ರ ವಿರಳ. ಧಾರವಾಡದ ಬಯಲು ಮುಗಿದು ಮಲೆನಾಡು ಮೊದಲಾಗುವ ಅಳ್ನಾವರದ ಸೀಮೆಯನ್ನು ಮನಸ್ಸಿನಲ್ಲಿಟ್ಟು ಮೂರು ಗ್ರಂಥಗಳನ್ನು ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾಗುವುದು.

ಮೊದಲನೆಯದು, ಕ್ಯಾಂಪ್‌ಬೆಲ್ಲರ ಸಂಪಾದಕತ್ವದಲ್ಲಿ 1884ರಲ್ಲಿ ಹೊರಟ ಮುಂಬಯಿ ಗ್ಯಾಝೆಟಿಯರಿನ ಧಾರವಾಡ ಸಂಪುಟ. ಮಣ್ಣು, ಬೆಳೆ, ಜಾತಿ, ಪೇಟೆಗಳ ವಿಷಯವಾಗಿ ಅದು ಕೂಡಿಹಾಕಿದ ಸಂಗತಿಗಳು ಇಂದಿಗೂ ಬೆಲೆಯುಳ್ಳವು. ಆದರೆ ಅದರ ಕಣ್ಣು ಕಂದಾಯದ ಅಧಿಕಾರಿಯದು. ಸಾಗುವಳಿಗೆ ಬಂದ ಭೂಮಿ ಅಲ್ಲಿ ಎಕರೆಯ ಲೆಕ್ಕವಾಗಿ ಕಾಣುವುದು. ಅದನ್ನು ಹಸನುಗೊಳಿಸಿದ ಕೈ ಕಾಣದು.

ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ (1917)ದ ಉದ್ದೇಶವೇ ಬೇರೆ. ತಮ್ಮತನವನ್ನು ಮರೆತಿದ್ದ ಕನ್ನಡಿಗರನ್ನು ಎಚ್ಚರಿಸಲು ಅರಸರ ಕೀರ್ತಿ ಬೇಕಾಗಿತ್ತು; ಆ ಕಾರ್ಯವನ್ನು ಗ್ರಂಥವು ನೆರವೇರಿಸಿತು. ಒಕ್ಕಲಿಗನ ಬಾಳು ಅದರಲ್ಲಿ ಹಿಂದೆ ಸರಿದುದನ್ನು ದೋಷವೆನ್ನುವುದಕ್ಕಿಂತ ಮಿತಿಯೆನ್ನುವುದು ನ್ಯಾಯ.

ಈ ಕೊರತೆಯನ್ನು ತುಂಬಿದುದು ಚರಿತ್ರೆಯಲ್ಲ, ಕಾದಂಬರಿ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943)ದ ಗೋಪಾಲಯ್ಯನವರು ಘಟ್ಟದ ಕಾಡನ್ನು ಪಳಗಿಸಿ ತೋಟ ಮಾಡಿದವರು. ಮನೆ ಬಿಟ್ಟು ಹೋದ ಮಗನ ಕೊರಗು ಆ ಸಾಹಸದ ಮಗ್ಗುಲಲ್ಲಿಯೇ ಇರುವುದರಿಂದ, ನೆಲವನ್ನು ಗೆದ್ದವನು ಎಲ್ಲವನ್ನೂ ಗೆದ್ದನೆಂಬ ಸುಳ್ಳು ಅಲ್ಲಿಲ್ಲ. ಗ್ರಂಥದ ದೊಡ್ಡ ಗುಣವಿದು. ಆದರೂ ಕಥೆಯ ಕೇಂದ್ರ ತೋಟದ ಒಡೆಯರ ಮನೆಯೇ ಆಗಿದೆ.

ಅಳ್ನಾವರದ ಚರಿತ್ರೆಯನ್ನು ಬರೆಯುವವರು ಇದಕ್ಕೂ ಒಂದು ಹೆಜ್ಜೆ ಮುಂದಿಡಬೇಕು. ಉಗಿಬಂಡಿ ಬಂದುದರಿಂದ ಊರು ಬೆಳೆಯಿತು, ಕಾಳೀ ನದಿಯ ದಂಡೆಯ ದಾಂಡೇಲಿಗೆ ಇಲ್ಲಿಂದಲೇ ಕವಲುದಾರಿ ಹೊರಟು ಸಾಗವಾನಿಯ ದಿಮ್ಮಿಗಳನ್ನು ಹೊತ್ತು ತಂದಿತು ಎಂದಿಷ್ಟಕ್ಕೇ ನಿಲ್ಲುವುದು ತಕ್ಕುದಲ್ಲ. ಆ ಕಾಡು ನಿರ್ಜನವಾಗಿರಲಿಲ್ಲ. ಎಮ್ಮೆಗಳೊಡನೆ ಅಲೆದ ಗೌಳಿಗರು ಅಲ್ಲಿದ್ದರು. ಗೋವೆಯ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಬಂದವರ ಸಂತತಿಯಾದ ಸಿದ್ದಿಯರು ಹಳಿಯಾಳ, ಕಲಘಟಗಿಗಳ ಅಡವಿಯಲ್ಲಿ ನೆಲೆಸಿದ್ದರು. ಕುಮರಿ ಬೇಸಾಯವನ್ನು ಸರಕಾರವು ನಿರ್ಬಂಧಿಸಿದಾಗ ಅಡವಿಯನ್ನೇ ನಂಬಿದ್ದವರ ಅನ್ನಕ್ಕೆ ಸಂಚಕಾರ ಬಂದಿತು. ಒಬ್ಬನಿಗೆ ಹೊಸ ನೆಲೆಯಾದುದು ಇನ್ನೊಬ್ಬನಿಗೆ ನೆಲೆ ತಪ್ಪಿದುದಾಗಬಹುದು. ಎರಡನ್ನೂ ಹೇಳದ ಚರಿತ್ರೆ ಅರ್ಧಸತ್ಯ.

ಈ ಕೆಲಸಕ್ಕೆ ಕಾಲದ ಮಿತಿಯೂ ಉಂಟು. 1980ರ ದಶಕದಲ್ಲಿ ಕಾಳಿಯ ಅಣೆಕಟ್ಟಿನ ನೀರಿನಲ್ಲಿ ಸೂಪಾ ಊರು ಮುಳುಗಿತು. ಅದನ್ನು ಕಟ್ಟಿದವರ ಕಥೆ ಉಳಿದಿರುವುದು ಅಲ್ಲಿಂದ ಎದ್ದು ಬಂದವರ ನಾಲಗೆಯ ಮೇಲೆ. ದಫ್ತರದ ಕಾಗದ ಕಪಾಟಿನಲ್ಲಿ ಕಾದಿರಬಹುದು. ಮುದುಕರ ನೆನಪು ಕಾಯದು.